ಕೆಮ್ಮಾಕೂ ಬಲ ಬೇಕು

ಕಬ್ಬಿನ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ಅಪಘಾತಗಳೇ ಜಾಸ್ತಿ. 'ಗಾಯಾಳುವನ್ನು ಹೆಚ್ಚಿನ ಚಿಕಿತ್ಸೆಗೆ ದಾಖಲಿಸಲಾಗಿದೆ' ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಮುಂದಿನದಕ್ಕೆ ಪೇಪರಿನಲ್ಲಿ ಜಾಗವಿಲ್ಲ.

ಹೋದ ಹಂಗಾಮಿನಲ್ಲಿ ಸಂಬಂಧಿಕರ ಹುಡುಗನೊಬ್ಬ ಟ್ರೇಲರ್ ಮೇಲಿಂದ ಬಿದ್ದ. ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟು. ದವಾಖಾನೆಯಲ್ಲಿ ನಾಲ್ಕು ರಾತ್ರಿ ನಾನೂ ಜೊತೆಗಿದ್ದೆ. ನೋಡಲು ಬಂದವರದೆಲ್ಲ ಒಂದೇ ಪ್ರಶ್ನೆ: "ಕಾಲಿಗೆ ಯಾವಾಗ ಬಲ ಬರತೈತ್ರಿ?" ಅವನ ಜೀವ ಸಿಕ್ಕಿಕೊಂಡಿದ್ದು ಕಾಲಿನಲ್ಲಲ್ಲ, ಎದೆಯಲ್ಲಿ. ಕಫ ಗೊರಗೊರ ಅನ್ನುತ್ತಿತ್ತು. "ಕೆಮ್ಮೋ ಯಪ್ಪಾ, ಜ್ವಾರ ಕೆಮ್ಮು" ಎಂದು ಅವನ ಅವ್ವ ಬೇಡುತ್ತಿದ್ದಳು. ಬಾಯಿ ತೆರೆಯುತ್ತಿತ್ತು, ಕೆಮ್ಮು ಬರುತ್ತಿರಲಿಲ್ಲ.

ಕೆಮ್ಮುವುದು ಬರೀ ಗಂಟಲಿನ ಕೆಲಸವಲ್ಲ. ಅದಕ್ಕೆ ಜೋರು ಕೊಡುವುದು ಹೊಟ್ಟೆ ಮತ್ತು ಪಕ್ಕೆಲುಬಿನ ಸ್ನಾಯುಗಳು. ಉಸಿರೆಳೆಯುವ ಮುಖ್ಯ ಸ್ನಾಯು ವಪೆ, ಎದೆಗೂ ಹೊಟ್ಟೆಗೂ ನಡುವಿನ ಪರದೆ. ಅದರ ನರ ಹೊರಡುವುದು ಕುತ್ತಿಗೆಯ 3, 4, 5ನೇ ಮಟ್ಟದಿಂದ. ಹೊಟ್ಟೆ, ಪಕ್ಕೆಲುಬಿನ ನರಗಳು ಅದಕ್ಕೂ ಕೆಳಗೆ, ಎದೆಮಟ್ಟದಿಂದ. ಹೀಗಾಗಿ ಕುತ್ತಿಗೆಯ ಕೆಳಭಾಗದಲ್ಲಿ ಪೆಟ್ಟಾದವನು ಉಸಿರಾಡುತ್ತಾನೆ, ಜೋರಾಗಿ ಕೆಮ್ಮಲಾರ. ಪೆಟ್ಟು ಇನ್ನೂ ಮೇಲಿದ್ದರೆ ಉಸಿರಿಗೇ ಯಂತ್ರ ಬೇಕು. ಕಫ ಒಳಗೇ ನಿಂತರೆ ನ್ಯುಮೋನಿಯಾ. ಇಂಥವರ ಸಾವಿಗೆ ದೊಡ್ಡ ಕಾರಣಗಳಲ್ಲಿ ಅದೂ ಒಂದು.

ಮೂರನೇ ದಿನ ಬಂದ ಫಿಸಿಯೋಥೆರಪಿ ಮೇಡಂ ಮೊದಲು ನೋಡಿದ್ದು ಎದೆಯನ್ನೇ. ಅಂಗೈಗಳನ್ನು ಅವನ ಹೊಕ್ಕುಳಿಗೂ ಎದೆಗೂಡಿಗೂ ನಡುವೆ ಇಟ್ಟು, "ಉಸಿರು ತಗೋ... ಹಿಡಿ... ಈಗ ಕೆಮ್ಮು" ಎಂದರು. ಅವನು ಕೆಮ್ಮಲು ಹೋದ ಆ ಹೊತ್ತಿಗೇ ಒಳಕ್ಕೂ ಮೇಲಕ್ಕೂ ಒತ್ತಿದರು. ನಾಲ್ಕನೇ ಸಲಕ್ಕೆ ಕಫ ಬಂತು. ಕಫ ನೋಡಿ ಖುಷಿಪಟ್ಟಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಇದನ್ನು ಓದಿ ಮನೆಯಲ್ಲಿ ಮಾಡಲು ಹೋಗಬೇಡಿ. ಊಟವಾದ ಕೂಡಲೇ, ಪಕ್ಕೆಲುಬು ಮುರಿದಿದ್ದರೆ, ಹೊಟ್ಟೆ ಆಪರೇಷನ್ ಆಗಿದ್ದರೆ, ಬೆನ್ನುಮೂಳೆ ಇನ್ನೂ ಕೂಡಿರದಿದ್ದರೆ ಒತ್ತುವುದು ಅಪಾಯ. ಡಾಕ್ಟರ್ ಒಪ್ಪಿ, ಫಿಸಿಯೋ ಕೈ ಹಿಡಿದು ಕಲಿಸಬೇಕು.

ಇನ್ನೊಂದು ಮಾತು ನನಗೇ ವಿಚಿತ್ರ ಅನ್ನಿಸಿತು. ದಮ್ಮು ಬಂದವರನ್ನು ನಾವು ಎತ್ತಿ ಕೂರಿಸುತ್ತೇವಲ್ಲ? ಕುತ್ತಿಗೆಯ ಹುರಿಗೆ ಪೆಟ್ಟಾದವರಲ್ಲಿ ಬಹಳ ಜನರಿಗೆ ಮಲಗಿದಾಗಲೇ ಉಸಿರು ಸಲೀಸು. ಕೂರಿಸಿದರೆ ಬಲವಿಲ್ಲದ ಹೊಟ್ಟೆ ಮುಂದಕ್ಕೆ ಜೋತು, ವಪೆ ಕೆಳಕ್ಕಿಳಿದು, ಅದರ ಎಳೆತ ಕಡಿಮೆಯಾಗುತ್ತದೆ. ಅದಕ್ಕೇ ಕೂರಿಸುವಾಗ ಹೊಟ್ಟೆಗೆ ಪಟ್ಟಿ ಕಟ್ಟಿಸುತ್ತಾರೆ.

ಮನೆಗೆ ಕಳಿಸುವಾಗ ಚೀಟಿಯಲ್ಲಿ ಗುಳಿಗೆಗಳ ಹೆಸರಿದ್ದವು, ಎದೆಯ ಬಗ್ಗೆ ಒಂದಕ್ಷರವಿರಲಿಲ್ಲ. ಮೇಡಂ ಅವನ ಅವ್ವನ ಕೈಗೆ ಮೊದಲೇ ಕಲಿಸಿದ್ದರಿಂದ ನಡೆಯಿತು. ನಮ್ಮ ಕಡೆಯವರು ಇಂಥ ಪೆಟ್ಟಿಗೆ ಬಾಗಲಕೋಟೆ, ಬೆಳಗಾವಿ, ಹುಬ್ಬಳ್ಳಿ, ಮಿರಜ್‌ವರೆಗೆ ಹೋಗುತ್ತಾರೆ; ವಾಪಸ್ ಬಂದ ಮೇಲೆ ರಾತ್ರಿ ಕಫ ಕಟ್ಟಿದರೆ ಪಕ್ಕದಲ್ಲಿರುವುದು ಮನೆಯವರೇ. ಆದ್ದರಿಂದ ಡಿಸ್ಚಾರ್ಜ್‌ಗೆ ಮುಂಚೆ ಕೇಳಿ: ಕೆಮ್ಮಿಸುವುದು ಹೇಗೆ, ದಿನಕ್ಕೆ ಎಷ್ಟು ಸಲ, ಮಗ್ಗುಲು ಬದಲಿಸುವುದು ಹೇಗೆ. ನಿಮ್ಮ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿರೆಂದು ಹಟ ಹಿಡಿಯಿರಿ. ಮನೆಗೆ ಬಂದ ಮೇಲೆ ಜ್ವರ, ಹಳದಿ-ಹಸಿರು ಕಫ ಕಂಡರೆ ಅಂದೇ ಡಾಕ್ಟರಿಗೆ ತೋರಿಸಿ. ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.