ಮನಾಲಿಯಿಂದ ಸಿಂಧುವಿನ ದಡಕ್ಕೆ

ಕುಲು ಸೀಮೆಯ ಮನಾಲಿಯಿಂದ ಲಡಾಖಿನ ಮುಖ್ಯಪಟ್ಟಣವಾದ ಲೇಹಕ್ಕೆ ಹೋಗುವ ಹಾದಿಯು ನಾನೂರು ಕಿಲೋಮೀಟರಿಗೂ ಮಿಕ್ಕಿದ್ದು. ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಅದನ್ನು ನೆಚ್ಚಬಹುದು. ಉಳಿದ ಕಾಲ ಹಿಮದ ಪಾಲು. ಪ್ರವಾಸಿಗಳನ್ನು ತುಂಬಿಕೊಂಡು ಈ ಹಾದಿಯಲ್ಲಿ ಓಡಾಡುವ ಬಾಡಿಗೆ ಮೋಟಾರುಗಳಲ್ಲಿ ಎರಡು ಬಗೆಯುಂಟು. ನಡುರಾತ್ರಿಯಲ್ಲಿ ಮನಾಲಿಯನ್ನು ಬಿಟ್ಟು, ಒಂದೇ ಓಟದಲ್ಲಿ ಮರುದಿನ ಸಂಜೆಗೆ ಲೇಹವನ್ನು ಮುಟ್ಟುವವು ಕೆಲವು. ನಡುವೆ ಕೇಲಾಂಗಿನಲ್ಲಿ ಒಂದು ರಾತ್ರಿ ತಂಗುವವು ಮತ್ತೆ ಕೆಲವು. ನಮ್ಮೊಡನೆ ಅರವತ್ತಾರು ವರ್ಷದ ಸೋದರತ್ತೆಯವರಿದ್ದುದರಿಂದ ನಾವು ಎರಡನೆಯ ಬಗೆಯ ಹನ್ನೆರಡು ಆಸನಗಳ ಬಂಡಿಯಲ್ಲಿಯೇ ಸ್ಥಳ ಹಿಡಿದೆವು. ಹಣ ಕೊಂಚ ಹೆಚ್ಚು. ಆದರೆ ಬಯಲುಸೀಮೆಯವರು ಈ ಎತ್ತರಕ್ಕೆ ಮೈಯನ್ನು ಮೆಲ್ಲನೆ ಒಗ್ಗಿಸಿಕೊಳ್ಳದೆ ಹೋಗುವುದು ಅವಿವೇಕವೆಂದು ನಮ್ಮ ಅಭಿಪ್ರಾಯ.

ಹಿಂದೆ ಮನಾಲಿಯನ್ನು ಬಿಟ್ಟವರು ಮೊದಲು ರೋಹತಾಂಗ್ ಎಂಬ ಕಂಡಿಯನ್ನು ಏರಬೇಕಾಗಿದ್ದಿತು. 2020ನೆಯ ಅಕ್ಟೋಬರಿನಲ್ಲಿ ಅಟಲ್ ಸುರಂಗವು ತೆರೆದ ಮೇಲೆ ಆ ಪ್ರಯಾಸ ತಪ್ಪಿತು. ಹತ್ತು ಸಾವಿರ ಅಡಿಗಳ ಎತ್ತರದಲ್ಲಿ, ಬೆಟ್ಟದ ಹೊಟ್ಟೆಯನ್ನೇ ಬಗೆದು ಮಾಡಿದ ಒಂಬತ್ತು ಕಿಲೋಮೀಟರಿನ ಹಾದಿಯದು. ಈಚೆಯ ಬಾಯಿಯಲ್ಲಿ ದೇವದಾರುವಿನ ಕಾಡು, ಜಡಿಮಳೆ. ಕಾಲುಗಂಟೆಯೊಳಗೆ ಆಚೆಯ ಬಾಯಿಯಿಂದ ಹೊರಬಿದ್ದರೆ ಬೋಳುಬೆಟ್ಟ, ಒಣಗಾಳಿ, ನಿರ್ಮಲವಾದ ಆಕಾಶ. ಮಳೆಯನ್ನು ಯಾರೋ ಬಾಗಿಲಿಕ್ಕಿ ಹೊರಗೆ ನಿಲ್ಲಿಸಿದಂತಿದ್ದಿತು.

ಇದು ಲಾಹೂಲ್ ಸೀಮೆ. ಇಲ್ಲಿ ತಾಂಡಿ ಎಂಬಲ್ಲಿ ಚಂದ್ರಾ, ಭಾಗಾ ಎಂಬೆರಡು ನದಿಗಳು ಕೂಡಿ ಚಂದ್ರಭಾಗೆಯಾಗುತ್ತವೆ. ಅದೇ ಮುಂದೆ ಚಿನಾಬ್. ಇಲ್ಲಿನ ಪೆಟ್ರೋಲು ಬಂಕಿನ ಬಳಿಯ, ಮುಂದಿನ ಬಂಕು 365 ಕಿಲೋಮೀಟರು ದೂರವೆಂದು ಸಾರುವ ಹಲಗೆಯು ಬಹುಕಾಲದಿಂದ ಪ್ರಸಿದ್ಧವಾದುದು. ಬಂಡಿಯಲ್ಲಿದ್ದ ತರುಣರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡರು. ಅತ್ತೆಯವರಿಗೆ ಸಂಗಮವೇ ಸಾಕಾಯಿತು. ಸ್ನಾನಕಾಲದಲ್ಲಿ ದಿನವೂ ನೆನೆಯುವ ಏಳು ನದಿಗಳಲ್ಲಿ ಐದನ್ನು ಅವರು ಕಂಡಿದ್ದಾರೆ. ಸರಸ್ವತಿಯು ಗುಪ್ತಗಾಮಿನಿ; ಉಳಿದುದು ಸಿಂಧುವೊಂದೇ. ಅದಕ್ಕಾಗಿಯೇ ಅವರು ಮೈಸೂರಿನಿಂದ ಹೊರಟುಬಂದದ್ದು. ವಿಮಾನದಲ್ಲಿ ನೇರವಾಗಿ ಲೇಹಕ್ಕೆ ಹೋಗಬಹುದಲ್ಲ ಎಂದರೆ, “ನದಿಯ ಹತ್ತಿರಕ್ಕೆ ನೆಲದ ಮೇಲೆ ಹೋಗಬೇಕಪ್ಪ” ಎಂದುಬಿಟ್ಟರು.

ಕೇಲಾಂಗಿನಿಂದ ಮರುದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಟೆವು. ದಾರ್ಚಾ ಕಳೆದ ಮೇಲೆ ಗಿಡಮರಗಳು ನಿಂತುಹೋದವು. ಭಾಗೆಯು ಹುಟ್ಟುವ ಸೂರಜ್ ತಾಲ್ ಎಂಬ ಹಸುರುನೀಲಿಯ ಸರಸ್ಸಿನ ಮಗ್ಗುಲಲ್ಲಿ ಏರಿ, ಹದಿನಾರು ಸಾವಿರ ಅಡಿಗಳೆತ್ತರದ ಬಾರಾಲಾಚಾ ಲಾವನ್ನು ದಾಟಿದೆವು. (‘ಲಾ’ ಎಂದರೆ ಆ ಸೀಮೆಯ ಮಾತಿನಲ್ಲಿ ಬೆಟ್ಟದ ಕಂಡಿ.) ಸರ್ಚುವಿನ ಬಯಲಿನಲ್ಲಿ ಚಹ, ರೊಟ್ಟಿ. ಅಲ್ಲಿಂದ ಸ್ವಲ್ಪ ದೂರದಲ್ಲಿ ಗಾಟಾ ತಿರುವುಗಳು: ಒಂದೇ ಬೆಟ್ಟದ ಮೈಮೇಲೆ ಇಪ್ಪತ್ತೊಂದು ಸುತ್ತು. ಕೆಳಗಿನಿಂದ ನೋಡಿದರೆ ಮೇಲಿನ ಲಾರಿಗಳು ಇರುವೆಗಳ ಹಾಗೆ.

ಈ ತಿರುವುಗಳ ಪಕ್ಕದಲ್ಲಿ ಕಲ್ಲಿನ ಒಂದು ಸಣ್ಣ ಗೂಡೂ ಅದರ ಸುತ್ತ ನೂರಾರು ನೀರಿನ ಸೀಸೆಗಳೂ ಬಿದ್ದಿರುವುವು. ಲಾರಿಯವರು ಹೇಳುವ ಕಥೆ ಹೀಗಿದೆ. ಒಮ್ಮೆ ಹಿಮ ಬೀಳುವ ಕಾಲಕ್ಕೆ ಲಾರಿಯೊಂದು ಇಲ್ಲಿ ಕೆಟ್ಟುನಿಂತಿತಂತೆ. ಚಾಲಕನು ನೆರವು ತರಲು ನಡೆದುಹೋದನು. ಜೊತೆಯ ಕ್ಲೀನರು ಕಾಯಿಲೆ ಬಿದ್ದು ಬಂಡಿಯಲ್ಲಿಯೇ ಉಳಿದನು. ಹಿಮದಿಂದ ದಾರಿ ಮುಚ್ಚಿ, ಚಾಲಕನು ಹಿಂದಿರುಗುವ ವೇಳೆಗೆ ಹುಡುಗನು ಚಳಿಯಿಂದಲೂ ನೀರಡಿಕೆಯಿಂದಲೂ ಸತ್ತಿದ್ದನು. ಅವನನ್ನು ಅಲ್ಲಿಯೇ ಹೂಳಿದರು. ಅಂದಿನಿಂದ ಹೋಗಿಬರುವವರನ್ನು ಅವನು ನೀರು ಕೇಳುತ್ತಾನೆಂದು ನಂಬಿಕೆ. ಕಥೆಯ ನಿಜಾನಿಜ ಹೇಗಾದರೂ ಇರಲಿ, ನಮ್ಮ ಚಾಲಕನು ಬಂಡಿಯನ್ನು ನಿಲ್ಲಿಸದೆ ಹೋಗುವವನಲ್ಲ. ಅತ್ತೆಯವರು ತಮ್ಮ ಸೀಸೆಯನ್ನು ತೆರೆದು ನೀರನ್ನು ಕಲ್ಲಿನ ಮೇಲೆ ಎರೆದರು. “ಮುಚ್ಚಿದ ಸೀಸೆಯನ್ನಿಟ್ಟರೆ ಪಾಪ, ಆ ಮಗು ಕುಡಿಯುವುದು ಹೇಗೆ?” ಎಂದರು.

ತೊಂದರೆಯಾದದ್ದು ಲಾಚುಲುಂಗ್ ಲಾದ ಏರಿನಲ್ಲಿ. ಎತ್ತರ ಹದಿನಾರು ಸಾವಿರದ ಆರುನೂರು ಅಡಿಗಳ ಆಸುಪಾಸು. ಮೊದಲು ಅತ್ತೆಯವರು ಮಾತು ನಿಲ್ಲಿಸಿದರು. ಅನಂತರ ತಲೆ ಸಿಡಿಯುತ್ತಿದೆಯೆಂದರು. ಎರಡು ಸಲ ವಾಂತಿಯಾಯಿತು. ತುಟಿಗಳು ನೇರಿಳೆಯ ಬಣ್ಣಕ್ಕೆ ತಿರುಗಿದುವು. ಬಂಡಿಯಲ್ಲಿ ಆಮ್ಲಜನಕವುಂಟೆಂದು ಟಿಕೆಟು ಮಾರಿದವರು ಎರಡು ಸಾರಿ ಹೇಳಿದ್ದರು. ಸಿಲಿಂಡರು ಇದ್ದುದೇನೋ ನಿಜ. ತಿರುಪು ತಿರುಗಿಸಿದರೆ ಅದರಲ್ಲಿ ಉಸಿರೇ ಇರಲಿಲ್ಲ.

ಈ ರಸ್ತೆಯ ಕಷ್ಟವಿರುವುದು ಇಲ್ಲಿಯೇ. ಮೇಲೇರಿ ಮೈ ಕೆಟ್ಟರೆ ಕೆಳಗಿಳಿಯುವುದೇ ಮದ್ದು. ಆದರೆ ಇಲ್ಲಿ ಕೆಳಗೆಂಬುದೆಲ್ಲಿ? ಹಿಂದಿರುಗಿ ಕೇಲಾಂಗನ್ನು ಸೇರಬೇಕಾದರೆ ಬಾರಾಲಾಚಾವನ್ನು ಮತ್ತೆ ಹತ್ತಬೇಕು. ಮುಂದುವರಿದರೆ, ಎಲ್ಲಕ್ಕಿಂತ ಎತ್ತರವಾದ ತಾಂಗ್ಲಾಂಗ್ ಲಾ ಕಾದಿದೆ. ಚಾಲಕನು ಲಾಹೂಲಿನವನು, ಮಿತಭಾಷಿ. “ಮಾತಾಜಿಯನ್ನು ಮಲಗಿಸಬೇಡಿ, ಒರಗಿಸಿ ಕೂಡಿಸಿರಿ, ಪಾಂಗಿನಲ್ಲಿ ಸೇನೆಯ ಶಿಬಿರವಿದೆ” ಎಂದಷ್ಟೇ ಹೇಳಿ ಬಂಡಿಯನ್ನು ಇಳಿಜಾರಿಗೆ ಬಿಟ್ಟನು. ಅಲ್ಲಿಯವರೆಗೆ ಹಾಡುತ್ತಿದ್ದ ತರುಣರು ಸುಮ್ಮನಾಗಿ, ತಮ್ಮ ಕಂಬಳಿಗಳನ್ನೆಲ್ಲ ಹಿಂದಕ್ಕೆ ದಾಟಿಸಿದರು. ಆ ಮುಕ್ಕಾಲು ಗಂಟೆಯಲ್ಲಿ ಸುತ್ತಲಿನ ಬೆಟ್ಟಗಳು ಹೇಗಿದ್ದುವೆಂದು ಕೇಳಿದರೆ ನಾವು ಹೇಳಲಾರೆವು.

ಪಾಂಗಿನಲ್ಲಿ ಸೇನೆಯ ತರುಣ ವೈದ್ಯರು ಒಂದು ಗಂಟೆಯ ಕಾಲ ಆಮ್ಲಜನಕವನ್ನು ಕೊಡಿಸಿದರು. ಎದೆಗೆ ಕೊಳವೆಯಿಟ್ಟು ಶ್ವಾಸಕೋಶದಲ್ಲಿ ನೀರು ಸೇರಿಲ್ಲವೆಂದು ಖಚಿತ ಮಾಡಿಕೊಂಡರು. ಕೊನೆಗೆ ನೆಲದ ಮೇಲೆ ಗೆರೆಯೆಳೆದು, ಹಿಮ್ಮಡಿಗೆ ಹೆಬ್ಬೆರಳು ತಾಕುವಂತೆ ಅದರ ಮೇಲೆ ನಡೆಯಲು ಹೇಳಿದರು. ಮಿದುಳಿಗೆ ಬಾವು ಬಂದವರು ಹಾಗೆ ನಡೆಯಲಾರರಂತೆ. ಅತ್ತೆಯವರು ಸೆರಗನ್ನು ಸಿಕ್ಕಿಸಿಕೊಂಡು, ರಂಗೋಲಿಯ ಎಳೆಯನ್ನು ಅಳಿಸದೆ ದಾಟುವವರಂತೆ ನಡೆದುಬಂದರು. ನಮ್ಮ ಜೀವವೂ ಆಗ ಸ್ವಸ್ಥಾನಕ್ಕೆ ಬಂದಿತು. ಸಹಯಾತ್ರಿಕರಲ್ಲಿ ಒಬ್ಬಿಬ್ಬರು ರಾತ್ರಿ ಅಲ್ಲಿನ ಡೇರೆಗಳಲ್ಲಿಯೇ ಉಳಿಯೋಣವೆಂದರು. ವೈದ್ಯರು ಒಪ್ಪಲಿಲ್ಲ. “ಈ ಎತ್ತರದಲ್ಲಿ ಇವರು ನಿದ್ದೆ ಮಾಡಕೂಡದು. ಕಂಡಿಯ ಮೇಲೆ ನಿಲ್ಲದೆ ದಾಟಿ, ಕತ್ತಲೆಯಾಗುವುದರೊಳಗೆ ಸಿಂಧುವಿನ ಕಣಿವೆಗೆ ಇಳಿಸಿರಿ” ಎಂದು, ತುಂಬಿದ ಒಂದು ಸಿಲಿಂಡರನ್ನೂ ಜೊತೆಗೆ ಕೊಟ್ಟು, ಅದನ್ನು ಲೇಹದಲ್ಲಿ ಯಾರಿಗೊಪ್ಪಿಸಬೇಕೆಂದು ಚೀಟಿ ಬರೆದರು.

ಮೋರೆ ಬಯಲು ನಲವತ್ತು ಕಿಲೋಮೀಟರು ಹಾಸಿದ ಚಾಪೆಯಂತಿದೆ. ತಾಂಗ್ಲಾಂಗ್ ಲಾ 17,480 ಅಡಿ. ಅಲ್ಲಿನ ಗಾಳಿಯಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ, ಸಮುದ್ರತೀರದಲ್ಲಿ ದೊರೆಯುವುದರ ಹೆಚ್ಚುಕಡಿಮೆ ಅರ್ಧ. ಬಣ್ಣಬಣ್ಣದ ಪ್ರಾರ್ಥನಾಪತಾಕೆಗಳು ಕಿಟಕಿಯಲ್ಲಿ ಮಿಂಚಿ ಮರೆಯಾದುವು. ತರುಣರಲ್ಲಿ ಒಬ್ಬರೂ ಚಿತ್ರಕ್ಕಾಗಿ ನಿಲ್ಲಿಸೆಂದು ಕೇಳಲಿಲ್ಲ. ಇಳಿಯುತ್ತ ರುಮ್ತ್ಸೆಯಲ್ಲಿ ಜವೆಯ ಹಸುರು ಹೊಲಗಳು ಕಂಡುವು. ಅತ್ತೆಯವರು ಕಣ್ಣು ತೆರೆದು, ಹಸಿವಾಗುತ್ತಿದೆಯೆಂದರು.

ಉಪ್ಶಿಯ ಬಳಿ ಸಿಂಧು ಎದುರಾಯಿತು. ಬೇಸಗೆಯ ಹಿಮ ಕರಗಿದ ಕೆಸರುಬಣ್ಣದ ನೀರು, ಬಲು ಸೆಳೆತ. ಇಳಿಯಬೇಡಿರೆಂದು ನಾವೆಲ್ಲರೂ ಹೇಳಿದೆವು. ಚಾಲಕನೇ ತಂಬಿಗೆಯನ್ನು ತೆಗೆದುಕೊಂಡು ದಡಕ್ಕಿಳಿದು ನೀರು ತಂದನು. ಅವರು ಮೊದಲು ಕಣ್ಣಿಗೊತ್ತಿಕೊಂಡು, ಬೊಗಸೆ ಹಿಡಿಯೆಂದು ಅವನ ಕೈಗೂ ಒಂದಿಷ್ಟು ಹಾಕಿದರು. ಲೇಹವು ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರು. ಸಿಲಿಂಡರನ್ನು ಒಪ್ಪಿಸಿ, ವಸತಿಗೃಹವನ್ನು ಸೇರುವ ಹೊತ್ತಿಗೆ ರಾತ್ರಿ ಒಂಬತ್ತಾಗಿದ್ದಿತು. ಎರಡು ದಿನ ಅವರನ್ನು ಅಂಗಳ ಬಿಟ್ಟು ಕದಲಗೊಡಲಿಲ್ಲ.