ಕಥೆಯ ನಡುವಣ ಸಂತೆ

ಕಾಲವು ಅಮೂಲ್ಯವಾದುದೆಂದು ಬಾಲ್ಯದಲ್ಲಿ ನಮಗೆ ಬೋಧಿಸಿದವರು ಹಲವರುಂಟು. ಅದನ್ನು ಕಾಪಾಡಿಕೊಳ್ಳುವ ಬಗೆಯನ್ನು ನಡೆದು ತೋರಿಸಿದವರು ವಿರಳ. ನನಗೆ ಅದನ್ನು ತೋರಿಸಿಕೊಟ್ಟವರು ನನ್ನ ತಾಯಿಯವರು. ದೂರದರ್ಶನದ ಕಥೆಯನ್ನು ಯಂತ್ರದಲ್ಲಿ ಮುದ್ರಿಸಿಟ್ಟುಕೊಂಡು, ನಡುವೆ ಬರುವ ಜಾಹೀರಾತುಗಳನ್ನು ಗುರುತಿಸಿ ದಾಟಿ ಹೋಗುವ ವಿದ್ಯೆಯಲ್ಲಿ ಅವರಷ್ಟು ನಿಪುಣರನ್ನು ನಾನು ಕಂಡಿಲ್ಲ. ವಿಷಯವು ಅಲ್ಪವೆಂದು ವಾಚಕರಿಗೆ ತೋರಬಹುದು. ಆದರೆ ಹೆಣ್ಣುಮಕ್ಕಳ ಬಿಡುವಿನ ವೇಳೆಗೆ ಒಡೆಯರಾರು ಎಂಬ ಪ್ರಶ್ನೆಯು ಅದರಲ್ಲಿ ಅಡಗಿರುವುದರಿಂದ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಮಾತಾಪಿತೃಗಳಲ್ಲಿಯೂ ಇದನ್ನು ಅರಿಕೆ ಮಾಡಲು ಮನಸ್ಸಾಯಿತು.

ನಮ್ಮ ಊರು ದೇವನಹಳ್ಳಿ ತಾಲ್ಲೂಕಿನ ನಲ್ಲೂರು. ಅಲ್ಲಿಯ ಪುರಾತನವಾದ ಹುಣಿಸೆಯ ತೋಪನ್ನು 2007ರಲ್ಲಿ ದೇಶದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸರ್ಕಾರದವರು ಘೋಷಿಸಿದ ಮೇಲೆ ಊರಿನ ಹೆಸರು ಹೊರಗಿನವರಿಗೂ ತಿಳಿಯಿತು. ನಮ್ಮ ಮನೆಯಲ್ಲಿ ರೇಷ್ಮೆಯ ಸಾಕಣೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವನ್ನು ಬಲ್ಲವರೇ ಬಲ್ಲರು; ಆ ದಿನಗಳಲ್ಲಿ ಹಗಲಿರುಳೆನ್ನದೆ ಹಿಪ್ಪುನೇರಳೆಯ ಸೊಪ್ಪು ಹಾಕುತ್ತಲೇ ಇರಬೇಕು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು 1981ರಲ್ಲಿಯೇ ಪ್ರಾರಂಭವಾಗಿತ್ತು. 1998ರಲ್ಲಿ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಇವರು ನಿರ್ದೇಶಿಸಿದ ‘ಮಾಯಾಮೃಗ’ವು ಬರತೊಡಗಿದಾಗ ಊರಿನ ಹೆಂಗಸರೆಲ್ಲರೂ ಕೆಲಸವನ್ನು ಬಿಟ್ಟು ಕುಳಿತರು. ಹುಳುವಾದರೋ ಕಥೆಗಾಗಿ ಕಾಯುವುದಿಲ್ಲ. ಆದಕಾರಣ ನನ್ನ ಅಣ್ಣನವರು ಬೆಂಗಳೂರಿನಿಂದ ಹಳೆಯದೊಂದು ವಿ. ಸಿ. ಆರ್. ಯಂತ್ರವನ್ನು ತಂದು, ನಿಯಮಿತ ಹೊತ್ತಿಗೆ ತಾನೇ ಮುದ್ರಿಸಿಕೊಳ್ಳುವಂತೆ ಅಣಿಮಾಡಿದರು. ರಾತ್ರಿ ಕಡೆಯ ಸೊಪ್ಪು ಹಾಕಿದ ತರುವಾಯ, ಆ ದಿನದ ಕಥೆ ತಾಯಿಯವರ ಪಾಲಿಗೆ ಆರಂಭವಾಗುತ್ತಿತ್ತು.

ಒಮ್ಮೊಮ್ಮೆ ಅವರು ತಟ್ಟೆಗಳ ಬಳಿಯಲ್ಲಿ ಕುಳಿತೇ ಪಕ್ಕದ ಕೋಣೆಯ ಕಥೆಯನ್ನು ಕೇಳುತ್ತಿದ್ದರು. ಜಾಹೀರಾತು ಬಂದೊಡನೆ ಅಲ್ಲಿಂದಲೇ “ಸಂತೆ ನೆರೆಯಿತು, ಮುಂದಕ್ಕೆ ಓಡಿಸು” ಎಂದು ಕೂಗುವರು. ಪರದೆಯನ್ನು ನೋಡದೆ ಹೇಗೆ ತಿಳಿಯಿತೆಂದು ಕೇಳಿದರೆ, “ಮನೆಯ ಜನ ಮಾತಾಡುವುದಕ್ಕೂ ಸಂತೆಯಲ್ಲಿ ಕೂಗುವುದಕ್ಕೂ ಭೇದವಿಲ್ಲವೇ?” ಎಂಬುದು ಅವರ ಉತ್ತರ. ನಡುವೆ ಕ್ಷಣಮಾತ್ರದ ಮೌನವೊಂದು ಬರುವುದನ್ನೂ, ಆ ಮೌನದ ಆಚೆಗೆ ಧ್ವನಿಯು ದಪ್ಪವಾಗುವುದನ್ನೂ ಅವರು ಗುರುತಿಸಿಕೊಂಡಿದ್ದರು.

ಅನೇಕ ವರ್ಷಗಳ ಮೇಲೆ, ಇಂಜಿನಿಯರನಾದ ನನ್ನ ಅಕ್ಕನ ಮಗನು ಇದೇ ಕೆಲಸವನ್ನು ಗಣಕಯಂತ್ರದಿಂದ ಮಾಡಿಸಿದನು. ಅದರ ಕ್ರಮವನ್ನು ಅವನು ವಿವರಿಸಿದಾಗ ನನಗೆ ಆಶ್ಚರ್ಯವಾಯಿತು. ಏಕೆಂದರೆ ಅದು ನನ್ನ ತಾಯಿಯವರ ಕ್ರಮವೇ. ನಮ್ಮ ದೇಶದ ದೂರದರ್ಶನದಲ್ಲಿ ಸೆಕೆಂಡಿಗೆ 25 ಚಿತ್ರಗಳು ಸರಿದುಹೋಗುತ್ತವೆ. ಕಥೆಗೂ ಜಾಹೀರಾತಿಗೂ ನಡುವೆ ಕೆಲವು ಚಿತ್ರಗಳು ಪೂರ್ಣ ಕಪ್ಪಾಗಿಯೂ ನಿಶ್ಶಬ್ದವಾಗಿಯೂ ಇರುವುದುಂಟು. ಯಂತ್ರವು ಮೊದಲು ಅವನ್ನು ಹುಡುಕುತ್ತದೆ. ಪರದೆಯ ಮೂಲೆಯಲ್ಲಿರುವ ವಾಹಿನಿಯ ಲಾಂಛನವು ಜಾಹೀರಾತಿನ ಕಾಲದಲ್ಲಿ ಮರೆಯಾಗುವುದಾದರೆ ಅದು ಎರಡನೆಯ ಗುರುತು. ದೃಶ್ಯಗಳು ಬೇಗಬೇಗನೆ ಬದಲಾಗುವುದು ಮೂರನೆಯದು. ಹತ್ತು, ಇಪ್ಪತ್ತು, ಮೂವತ್ತು ಸೆಕೆಂಡುಗಳೆಂಬ ನಿಯತವಾದ ಅಳತೆಯು ನಾಲ್ಕನೆಯದು. ಒಮ್ಮೆ ಕೇಳಿದ ಜಾಹೀರಾತಿನ ಧ್ವನಿಯ ಮುದ್ರೆಯನ್ನು ನೆನಪಿನಲ್ಲಿಟ್ಟುಕೊಂಡು, ಅದು ಮತ್ತೆ ಬಂದಾಗ ಹಿಡಿಯುವ ಯಂತ್ರಗಳೂ ಉಂಟು. ಈ ಸಾಕ್ಷಿಗಳನ್ನೆಲ್ಲಾ ಕೂಡಿಸಿ ತೂಗಿ, ಯಂತ್ರವು ತೀರ್ಪು ಹೇಳುತ್ತದೆ.

ಆದರೆ ಅದು ಹೊರಗುರುತಿನಿಂದ ಹೇಳುವ ತೀರ್ಪು. ಒಂದು ದಿನದ ಕಥೆಯಲ್ಲಿ, ದೀಪವಾರಿದ ಕೋಣೆಯಲ್ಲಿ ಹೆಣ್ಣೊಬ್ಬಳು ಮಾತಿಲ್ಲದೆ ಕುಳಿತಿದ್ದ ದೃಶ್ಯವಿತ್ತು. ಕತ್ತಲೆಯನ್ನೂ ಮೌನವನ್ನೂ ಕಂಡ ಯಂತ್ರವು ಅದನ್ನು ಜಾಹೀರಾತೆಂದು ಬಗೆದು ಹಾರಿಸಿಬಿಟ್ಟಿತು. “ಆ ಮಗುವಿನ ದುಃಖವನ್ನು ಯಾರು ನುಂಗಿದರು?” ಎಂದು ತಾಯಿಯವರು ಕೇಳಿದರು. ಮೊಮ್ಮಗನು ಹಿಂದಕ್ಕೆ ತಿರುಗಿಸಿ ತೋರಿಸಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು.

ಇದಕ್ಕಾಗಿ ಇಷ್ಟು ಪ್ರಯಾಸವೇಕೆಂದು ಕೇಳುವವರು ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳಲ್ಲಿ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚಿಗೆ ಜಾಹೀರಾತು ಬರಕೂಡದೆಂಬ ವಿಧಿಯನ್ನು ಸೇರಿಸಲಾಯಿತು. ಈ ಮಿತಿಯನ್ನೇ ಹಿಡಿದರೂ ಕಾಲದ ಐದರಲ್ಲೊಂದು ಪಾಲು ಹೋಯಿತು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಕಥೆ ನೋಡುವವಳಿಗೆ ವರ್ಷದಲ್ಲಿ 26 ಗಂಟೆ ಸಂತೆಗೆ ಸಂದಾಯವಾಗುತ್ತದೆ. ಬೆಳಗಿನ ಐದಕ್ಕೆ ಎದ್ದು ಸೊಪ್ಪು ಕೊಯ್ಯುವವಳಿಗೆ ಅದು ನಿದ್ರೆಯಿಂದ ಕಳೆದುಹೋದ 26 ಗಂಟೆ.

ಎದುರು ಪಕ್ಷದ ವಾದವನ್ನೂ ಹೇಳುವುದು ನ್ಯಾಯ. ನಮ್ಮ ದೂರದರ್ಶನಕ್ಕೆ 1976ರಲ್ಲಿ ಜಾಹೀರಾತುಗಳು ಬಂದಂದಿನಿಂದ, ಎಷ್ಟೋ ಕಥೆಗಳ ವೆಚ್ಚವನ್ನು ಹೊತ್ತಿರುವುದು ಆ ಸಂತೆಯ ಹಣವೇ. ಎಲ್ಲರೂ ದಾಟಿಹೋದರೆ ನಟರಿಗೆ ಕೂಲಿ ಕೊಡುವವರಾರು? ಅಮೇರಿಕಾ ದೇಶದ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ, ಮನೆಯಲ್ಲಿ ಮುದ್ರಿಸಿಕೊಂಡು ಅನುಕೂಲವಾದ ಹೊತ್ತಿನಲ್ಲಿ ನೋಡುವುದು ಅಪರಾಧವಲ್ಲವೆಂದು ತೀರ್ಮಾನಿಸಿತು. ಆದರೂ ಜಾಹೀರಾತನ್ನು ತಾನೇ ದಾಟಿಸುವ ‘ರಿಪ್ಲೇ ಟಿವಿ’ ಎಂಬ ಯಂತ್ರದ ಮೇಲೆ 2001ರಲ್ಲಿ ಅಲ್ಲಿಯ ದೊಡ್ಡ ಸಂಸ್ಥೆಗಳು ವ್ಯಾಜ್ಯ ಹೂಡಿದವು. ನನ್ನ ತಾಯಿಯವರ ನ್ಯಾಯವು ಸರಳವಾಗಿತ್ತು: “ಸಂತೆಗೆ ಹೋದ ದಿನ ಬೇಕಾದದ್ದನ್ನು ಕೊಳ್ಳುತ್ತೇನೆ. ಸಂತೆಯೇ ನನ್ನ ಮನೆಗೆ ಬಂದರೆ, ಬಾಗಿಲು ತೆರೆಯುವುದು ನನ್ನ ಇಷ್ಟ.”

ಈಗಿನ ಕಷ್ಟವು ಬೇರೆ ಬಗೆಯದು. ದಾಟಿಹೋಗುವವರು ಹೆಚ್ಚಿದಂತೆಲ್ಲಾ ಸಂತೆಯು ವೇಷ ಮರೆಸಿಕೊಂಡು ಕಥೆಯೊಳಕ್ಕೇ ನುಗ್ಗಿತು. ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆಯಾಗಿ ತೋರಬೇಕೆಂದು ಅದೇ ನಿಯಮಗಳಲ್ಲಿ ಬರೆದಿದ್ದರೂ, ಕಥೆಯ ಸೊಸೆಯು ಕಾಫಿ ಬೆರೆಸುವಾಗ ಪೊಟ್ಟಣದ ಹೆಸರು ನಮ್ಮ ಕಡೆಗೇ ತಿರುಗಿರುತ್ತದೆ. ಅಲ್ಲಿ ಕಪ್ಪು ಚಿತ್ರವಿಲ್ಲ, ಮೌನವಿಲ್ಲ, ಲಾಂಛನವು ಸ್ವಸ್ಥಾನದಲ್ಲಿಯೇ ಇದೆ. ಮೊಮ್ಮಗನ ಯಂತ್ರವು ಸುಮ್ಮನಿತ್ತು. ತಾಯಿಯವರು ಮಾತ್ರ, “ಈ ಹುಡುಗಿ ಅತ್ತೆಗೆ ಕಾಫಿ ಕೊಡುತ್ತಿಲ್ಲ, ನಮಗೆ ಮಾರುತ್ತಿದ್ದಾಳೆ” ಎಂದರು. ನಾಲ್ಕನೆಯ ತರಗತಿಯನ್ನು ದಾಟದ ಆಕೆಗೆ ಆ ವಿವೇಕ ಬಂದದ್ದು, ಹೇಳುವವನು ಯಾರು, ಅವನಿಗೆ ಬರುವ ಲಾಭವೇನು ಎಂದು ವಿಚಾರಿಸುವ ಅಭ್ಯಾಸದಿಂದ. ಗೂಡು ಮಾರುವ ಕಟ್ಟೆಯಲ್ಲಿ ದಲ್ಲಾಳಿಯ ಸವಿಮಾತನ್ನು ಕೇಳಿ ಕೇಳಿ ಅವರು ಅದನ್ನು ಕಲಿತಿದ್ದರು.

ಸಹೋದರಿಯರೇ, ಯಂತ್ರಗಳನ್ನು ಅವಶ್ಯವಾಗಿ ಉಪಯೋಗಿಸೋಣ. ಅವು ಉಳಿಸಿಕೊಡುವ ಗಂಟೆಗಳು ನಮಗೆ ಬೇಕು. ಆದರೆ ಮಕ್ಕಳು ಕಥೆ ನೋಡುವಾಗ ನಾವೂ ಬಳಿಯಲ್ಲಿ ಕುಳಿತು, ಕಥೆಯೊಳಗೆ ಮಾರಾಟ ನುಸುಳಿದ ಕೂಡಲೇ ಕೈಯೆತ್ತುವ ಆಟವೊಂದನ್ನು ಅವರಿಗೆ ಕಲಿಸೋಣ. ಮೊದಮೊದಲು ನಾವೇ ಗೆಲ್ಲುವೆವು. ತಿಂಗಳು ಕಳೆಯುವಷ್ಟರಲ್ಲಿ ಅವರು ನಮ್ಮನ್ನು ಸೋಲಿಸುವರು. ಆ ಸೋಲಿಗಿಂತ ತಾಯಂದಿರಿಗೆ ಹೆಚ್ಚಿನ ಸಂತೋಷ ಯಾವುದುಂಟು?