ನೆಪೋಲಿಯನ್ನನ ದ್ವೀಪದಲ್ಲಿ ಆಮೆಯಜ್ಜನ ಊಟ

ದಕ್ಷಿಣ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ತಲೆಯೆತ್ತಿ ನಿಂತ ಒಂದು ಪುಟ್ಟ ಬೆಟ್ಟ. ಅದರ ಹೆಸರು ಸೇಂಟ್ ಹೆಲೆನಾ. ಆಫ್ರಿಕಾದ ಕರಾವಳಿ ಇಲ್ಲಿಂದ ಸುಮಾರು 1,900 ಕಿ.ಮೀ. ದೂರ. ದ್ವೀಪದ ಒಟ್ಟು ವಿಸ್ತೀರ್ಣ 122 ಚದರ ಕಿ.ಮೀ. ಮಾತ್ರ. ಸೋತ ಚಕ್ರವರ್ತಿ ನೆಪೋಲಿಯನ್ನನನ್ನು ಬ್ರಿಟಿಷರು 1815ರಲ್ಲಿ ತಂದಿಟ್ಟದ್ದು ಇಲ್ಲಿಯೇ. 1821ರಲ್ಲಿ ಆತ ಕೊನೆಯುಸಿರೆಳೆದದ್ದೂ ಇಲ್ಲಿಯೇ. 2017ರಲ್ಲಿ ವಿಮಾನ ಸಂಚಾರ ಆರಂಭವಾಗುವವರೆಗೆ ಈ ದ್ವೀಪ ತಲುಪಲು ಹಡಗೇ ಗತಿಯಾಗಿತ್ತು. ಕೇಪ್‌ಟೌನ್‌ನಿಂದ ಐದಾರು ದಿನಗಳ ಪಯಣ!

ಇಷ್ಟು ದೂರ ಬಂದವರು ನೆಪೋಲಿಯನ್ನನಿದ್ದ ಮನೆಯನ್ನು ನೋಡುತ್ತಾರೆ. ರಾಜಧಾನಿ ಜೇಮ್ಸ್‌ಟೌನಿನ 699 ಮೆಟ್ಟಿಲುಗಳ ‘ಜೇಕಬ್ಸ್ ಲ್ಯಾಡರ್’ ಹತ್ತಿ ಏದುಸಿರು ಬಿಡುತ್ತಾರೆ. ಆದರೆ ದ್ವೀಪದ ಐದು ಪೆನ್ಸ್ ನಾಣ್ಯದ ಮೇಲಿರುವುದು ಚಕ್ರವರ್ತಿಯ ಚಿತ್ರವಲ್ಲ, ಒಂದು ಆಮೆಯದು. ಅದರ ಹೆಸರು ಜೊನಾಥನ್.

ಗವರ್ನರರ ಅಂಗಳದಲ್ಲಿ

ಜೇಮ್ಸ್‌ಟೌನಿನಿಂದ ಕಡಿದಾದ ರಸ್ತೆ ಹತ್ತಿ ಮೇಲೆ ಹೋದರೆ ಪ್ಲಾಂಟೇಷನ್ ಹೌಸ್ ಎಂಬ ಬಂಗಲೆ ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿಸಿದ್ದು. ಇಂದಿಗೂ ಗವರ್ನರರ ನಿವಾಸ. ಅದರ ಮುಂದಿನ ವಿಶಾಲವಾದ ಹುಲ್ಲು ಹಾಸಿನಲ್ಲಿ ದೈತ್ಯ ಆಮೆಗಳು ಮೇಯುತ್ತ ಬಂದಿವೆ. ಜೊನಾಥನ್ ಇವುಗಳ ಹಿರಿಯಜ್ಜ.

1882ರಲ್ಲಿ ಹಿಂದೂ ಮಹಾಸಾಗರದ ಸೇಷೆಲ್ಸ್ ದ್ವೀಪಗಳಿಂದ ಕಾಣಿಕೆಯಾಗಿ ಈತ ಇಲ್ಲಿಗೆ ಬಂದ. ಆ ಕಾಲದ್ದೆಂದು ಹೇಳುವ ಒಂದು ಹಳೆಯ ಛಾಯಾಚಿತ್ರದಲ್ಲಿ ಆಮೆ ಪೂರ್ತಿ ಬೆಳೆದು ನಿಂತಿದೆ. ಅಷ್ಟು ಬೆಳೆಯಲು ಐವತ್ತು ವರ್ಷವಾದರೂ ಬೇಕು. ಹಾಗೆ ಲೆಕ್ಕ ಹಾಕಿ ಹುಟ್ಟಿದ ವರ್ಷ 1832 ಎಂದು ಅಂದಾಜು ಮಾಡಿದ್ದಾರೆ. ಅಂದರೆ ಈತ ಹುಟ್ಟುವ ಹೊತ್ತಿಗೆ ನೆಪೋಲಿಯನ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. 1947ರಲ್ಲಿ ಆರನೆಯ ಜಾರ್ಜ್ ದೊರೆ ಕುಟುಂಬ ಸಮೇತ ದ್ವೀಪಕ್ಕೆ ಬಂದಾಗಲೇ ಆಮೆಗೆ ನೂರು ದಾಟಿತ್ತು.

ಹಡಗಿನಲ್ಲಿ ಆಮೆ ಸಾಗಿಸುವುದು ಆಗ ಹೊಸದೇನಲ್ಲ. ಅನ್ನ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ಪ್ರಾಣಿ ಇದು. ಹಾಗಾಗಿ ನಾವಿಕರು ದೈತ್ಯ ಆಮೆಗಳನ್ನು ಜೀವಂತ ಹೊತ್ತು ತಂದು ಹಡಗಿನ ತಳದಲ್ಲಿ ಪೇರಿಸಿಡುತ್ತಿದ್ದರು. ಬೇಕೆಂದಾಗ ತಾಜಾ ಮಾಂಸ! ಹೀಗೆ ಹಿಂದೂ ಮಹಾಸಾಗರದ ಎಷ್ಟೋ ದ್ವೀಪಗಳಲ್ಲಿ ಆಮೆಗಳ ಸಂತತಿಯೇ ಅಳಿಸಿಹೋಯಿತು. ಮನುಷ್ಯನ ಊಟವಾಗಬಹುದಾಗಿದ್ದ ಪ್ರಾಣಿಗೆ ಮನುಷ್ಯನೇ ಕೈಯಾರೆ ಉಣ್ಣಿಸುವ ಕಾಲ ಬಂದದ್ದು ಇಲ್ಲಿನ ವಿಶೇಷ.

ಹುಲ್ಲಿನ ನಡುವೆ ಹಸಿವು

ಮೇಯಲು ಬೇಕಾದಷ್ಟು ಹುಲ್ಲಿರುವಾಗ ಆಮೆಗೆ ತಿನ್ನಿಸುವ ಅಗತ್ಯವಾದರೂ ಏನು? ಮುಪ್ಪು. ಜೊನಾಥನ್‌ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವಾಸನೆ ತಿಳಿಯುವ ಶಕ್ತಿಯೂ ಹೋಗಿತ್ತು. ಎಳೆ ಹುಲ್ಲು ಯಾವುದು, ಒಣಗಿದ ಎಲೆ ಯಾವುದು, ಮಣ್ಣು ಯಾವುದು ಎಂದು ತಿಳಿಯದೆ ಬಾಯಿಗೆ ಸಿಕ್ಕಿದ್ದನ್ನು ಕಚ್ಚುತ್ತಿದ್ದ.

ಆಮೆಗೆ ಹಲ್ಲಿಲ್ಲ. ಗಿಣಿಯಂತೆ ಗಟ್ಟಿಯಾದ ಕೊಕ್ಕಿದೆ. ಅದರ ಅಂಚು ಹರಿತವಾಗಿದ್ದರೆ ಮಾತ್ರ ಹುಲ್ಲು ತುಂಡಾಗುತ್ತದೆ. ನಮ್ಮ ಉಗುರಿನ ಜಾತಿಯದೇ ಆದ ಈ ಕೊಕ್ಕು ಬೆಳೆಯಲು ಒಳ್ಳೆಯ ಆಹಾರ ಬೇಕು. ಜೊನಾಥನ್‌ನ ಕೊಕ್ಕು ಮೆತ್ತಗಾಗಿ ಪುಡಿಪುಡಿಯಾಗುತ್ತಿತ್ತು. ಕೊಕ್ಕು ಕೆಟ್ಟದ್ದರಿಂದ ಮೇಯಲಾಗದು, ಮೇಯಲಾಗದ್ದರಿಂದ ಕೊಕ್ಕು ಇನ್ನಷ್ಟು ಕೆಡುವುದು. ಹಸಿರು ಹಾಸಿನ ಮೇಲೆ ನಿಂತೇ ಅಜ್ಜ ಸೊರಗುತ್ತಿದ್ದ.

ಇದನ್ನು ಗಮನಿಸಿದವರು ದ್ವೀಪದ ಪಶುವೈದ್ಯ ಜೋ ಹಾಲಿನ್ಸ್. ಅವರು ಬರೆದುಕೊಟ್ಟ ಮದ್ದು ಔಷಧದ ಅಂಗಡಿಯದಲ್ಲ, ತರಕಾರಿ ಬುಟ್ಟಿಯದು. ಎಲೆಕೋಸು, ಕ್ಯಾರೆಟ್, ಸೌತೆಕಾಯಿ, ಸೇಬು, ಸೀಬೆಹಣ್ಣು ಹೆಚ್ಚಿಟ್ಟುಕೊಂಡು ವಾರಕ್ಕೊಮ್ಮೆ ಕೈಯಾರೆ ತಿನ್ನಿಸುವುದು. ಲೆಟ್ಯೂಸ್ ಸೊಪ್ಪಿನ ಎಳೆಯ ತಿರುಳೆಂದರೆ ಜೊನಾಥನ್‌ಗೆ ಪ್ರಾಣ, ಅದರಲ್ಲಿ ಸತ್ವ ಅಷ್ಟಕ್ಕಷ್ಟೇ ಆದರೂ ಸರಿ. ಬಾಳೆಹಣ್ಣೂ ಇಷ್ಟವೇ, ಆದರೆ ಅದು ಬಾಯಿಗೆಲ್ಲ ಮೆತ್ತಿಕೊಳ್ಳುತ್ತದೆ. ತಿನ್ನಿಸುವವರು ದಪ್ಪ ಕೈಗವಸು ತೊಡಲೇಬೇಕು. ಕುರುಡು ಆಮೆಗೆ ಕ್ಯಾರೆಟ್ಟೂ ಒಂದೇ, ಬೆರಳೂ ಒಂದೇ!

ಕಣ್ಣು ಮೂಗು ಸೋತರೂ ಕಿವಿ ಸೋತಿರಲಿಲ್ಲ. ವೈದ್ಯರ ದನಿ ಕೇಳಿದೊಡನೆ ಸುಕ್ಕುಗಟ್ಟಿದ ಆ ಉದ್ದ ಕತ್ತು ದನಿ ಬಂದತ್ತ ಚಾಚಿಕೊಳ್ಳುತ್ತಿತ್ತು. ದಿನ ಕಳೆದಂತೆ ಕೊಕ್ಕು ಮತ್ತೆ ಗಟ್ಟಿಯಾಗಿ ಹರಿತವಾಯಿತು. ಮೈ ತುಂಬಿಕೊಂಡಿತು. ಅಜ್ಜ ಮತ್ತೆ ತಾನೇ ಹುಲ್ಲು ಕತ್ತರಿಸಿ ಮೇಯತೊಡಗಿದ.

ಹಿತ ಮಿತ

ಹಾಗೆಂದು ಆಮೆಗಳಿಗೆಲ್ಲ ಹಣ್ಣೇ ಊಟವಲ್ಲ. ಇಂಥ ದೈತ್ಯ ಆಮೆಗಳ ಹೊಟ್ಟೆ ನಾರಿನಂಶದ ಹುಲ್ಲು, ಎಲೆಗಳಿಗೆಂದೇ ಆದದ್ದು. ಕರುಳಿನ ಸೂಕ್ಷ್ಮ ಜೀವಿಗಳು ಆ ನಾರನ್ನು ನಿಧಾನವಾಗಿ ಹುಳಿಯಿಸಿ ಕರಗಿಸುತ್ತವೆ. ಸಿಹಿ ಹಣ್ಣು ಹೆಚ್ಚಾದರೆ ಈ ವ್ಯವಸ್ಥೆ ಕೆಟ್ಟು ಭೇದಿಯಾಗುತ್ತದೆ. ಆದ್ದರಿಂದಲೇ ವಾರಕ್ಕೊಮ್ಮೆ ಬುಟ್ಟಿ, ಉಳಿದ ದಿನವೆಲ್ಲ ಹುಲ್ಲು. ನೋಡಲು ಬಂದವರು ಹಾಸಿನ ಅಂಚಿಗೆ ಗೊತ್ತುಪಡಿಸಿದ ದಾರಿಯಲ್ಲೇ ನಿಲ್ಲಬೇಕು. ಅಜ್ಜನ ಊಟ ವೈದ್ಯರ ಲೆಕ್ಕದ್ದು, ಪ್ರವಾಸಿಗರ ಮೋಜಿನದಲ್ಲ.

ಇದನ್ನು ಓದಿ ಮನೆಯಲ್ಲೂ ಒಂದು ಆಮೆ ಸಾಕೋಣವೆಂದು ಯಾರಿಗಾದರೂ ಅನ್ನಿಸಿದರೆ ಅವರು ನೆನಪಿಡಬೇಕಾದ ಮಾತೊಂದಿದೆ. ಕೋಲಾರದ ಕುರುಚಲು ಕಾಡುಗಳಲ್ಲಿ ಕಾಣುವ ನಕ್ಷತ್ರ ಆಮೆಯನ್ನು ಮನೆಗೆ ತರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಾಕುವವರ ಆಸೆಗೆಂದೇ ಅವುಗಳ ಕಳ್ಳಸಾಗಣೆ ನಡೆದು, 2019ರಲ್ಲಿ ಅವುಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಪೂರ್ತಿ ನಿಷೇಧಿಸಬೇಕಾಯಿತು. ಹಿಡಿ ಸೊಪ್ಪು ಹಾಕುವ ಪ್ರೀತಿಯೇ ಕಾಡಿನಿಂದ ಆಮೆಯನ್ನು ಕದಿಯಲು ನೆಪವಾಗಬಾರದು.

2022ರ ಡಿಸೆಂಬರಿನಲ್ಲಿ ಜೊನಾಥನ್‌ನ 190ನೆಯ ಹುಟ್ಟುಹಬ್ಬವನ್ನು ಸೇಂಟ್ ಹೆಲೆನಾ ಮೂರು ದಿನ ಆಚರಿಸಿತು. ಅದೇ ವರ್ಷ ಗಿನ್ನೆಸ್ ದಾಖಲೆಯೂ ಈತನನ್ನು ಆಮೆಗಳಲ್ಲೆಲ್ಲ ಅತ್ಯಂತ ಹಿರಿಯನೆಂದು ಒಪ್ಪಿಕೊಂಡಿತ್ತು. ಸ್ಮರಣೆಯ ಅಂಚೆಚೀಟಿ ಬಂತು, ಗವರ್ನರರ ಅಂಗಳ ಜನರಿಗೆ ತೆರೆಯಿತು. ಹುಟ್ಟುಹಬ್ಬವೆಂದ ಮೇಲೆ ಕೇಕ್ ಬೇಡವೇ? ಅದೂ ಇತ್ತು. ಹಿಟ್ಟು, ಸಕ್ಕರೆಯದಲ್ಲ, ಹಣ್ಣು ತರಕಾರಿಗಳದೇ ಕೇಕ್. ಚಕ್ರವರ್ತಿ ಒಂಟಿಯಾಗಿ ದಿನ ಎಣಿಸಿದ ದ್ವೀಪದಲ್ಲಿ, ಕಣ್ಣು ಕಾಣದ ಮುದಿ ಆಮೆಯೊಂದು ಪರಿಚಿತ ದನಿ ಕೇಳಿ ಬಾಯ್ತೆರೆದು ತನ್ನ ಪಾಲು ತಿಂದಿತು.